ಟೈಮಿಂಗ್ ಎಷ್ಟು ಬಂತು?

ಆಟದಲ್ಲಿರುವ ಹೆಣ್ಣುಮಕ್ಕಳ ಹೆತ್ತವರು ಈಗೀಗ ನನ್ನ ಬಳಿ ಸಲಹೆ ಕೇಳಲು ಜಾಸ್ತಿ ಬರುತ್ತಿದ್ದಾರೆ. ಕಾರಣ ಹೆಚ್ಚಾಗಿ ಒಂದೇ, ಫೋನಿನಿಂದ ಫೋನಿಗೆ ಹರಿದಾಡಿದ ವಿಡಿಯೊ. ಮುಂಬೈ ಹತ್ತಿರದ ಡೊಂಬಿವಲಿಯ ಈ ಕುಟುಂಬದ್ದೂ ಅದೇ ಕಥೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಕುಂದಾಪುರ ಕಡೆಯವರು. ಅಪ್ಪನಿಗೆ ಹೋಟೆಲಿನಲ್ಲಿ ಕೆಲಸ. 16 ವರ್ಷದ ಮಗಳು 200 ಮೀಟರ್ ಓಟದಲ್ಲಿ ಗೆದ್ದಳು. ಸ್ಥಳೀಯ ಸುದ್ದಿ ಚಾನೆಲೊಂದು ಅದನ್ನು ಸ್ಲೋ ಮೋಷನ್‌ನಲ್ಲಿ ತೋರಿಸಿತು. ಕ್ಯಾಮೆರಾ ನಿಂತದ್ದು ಅವಳ ತೊಡೆಯ ಮೇಲೆ. ಶೀರ್ಷಿಕೆ 'ಟ್ರ್ಯಾಕ್ ಸುಂದರಿ'. ಕೆಳಗಿನ ಕಾಮೆಂಟುಗಳನ್ನು ಇಲ್ಲಿ ಬರೆಯಲಾರೆ.

"ಊರಿನ ವಾಟ್ಸಾಪ್ ಗ್ರೂಪಿಗೂ ಬಂತು ಮೇಡಂ. ಇನ್ನು ಓಟ ಸಾಕು. ಓಡಲೇಬೇಕು ಅಂದ್ರೆ ಉದ್ದ ಪ್ಯಾಂಟ್ ಹಾಕಲಿ" ಎಂದರು ಅಪ್ಪ. ಮಗಳು ಬಾಯಿ ಬಿಡಲಿಲ್ಲ.

ಎರಡನೇ ಭೇಟಿಯಲ್ಲಿ ಅವಳನ್ನೇ ಕೇಳಿದೆ: "ನಿನಗೆ ಯಾವುದು ಜಾಸ್ತಿ ನೋವಾಯ್ತು?"

ತುಂಬಾ ಹೊತ್ತಿನ ಮೇಲೆ ಹೇಳಿದಳು: "ನನ್ನ ಟೈಮಿಂಗ್ ಎಲ್ಲೂ ಹಾಕಿಲ್ಲ. ಗೆದ್ದದ್ದು ನಾನು ಅಂತಲೂ ಹೇಳಿಲ್ಲ."

ಅಪ್ಪ ತಿರುಗಿ ನೋಡಿದರು. "ಎಷ್ಟು ಬಂತು?" ಎಂದು ಕೇಳಿದರು. ಮನೆಯಲ್ಲೂ ಅದುವರೆಗೆ ಯಾರೂ ಕೇಳಿರಲಿಲ್ಲ! ಅವಳು ಹೇಳಿದಳು. ಹೋದ ವರ್ಷಕ್ಕಿಂತ ಅರ್ಧ ಸೆಕೆಂಡ್ ಕಡಿಮೆ. ಆಮೇಲೆ ಸ್ಟಾರ್ಟ್ ಬಗ್ಗೆ, ತಿರುವಿನ ಬಗ್ಗೆ ಅವಳು ಮಾತು ನಿಲ್ಲಿಸಲೇ ಇಲ್ಲ.

ಬಟ್ಟೆ ಬದಲಿಸಬೇಡಿ ಎಂದು ನಾನು ಖಡಾಖಂಡಿತವಾಗಿ ಹೇಳಿದೆ. ಇದನ್ನು ಒಪ್ಪದ ಸಹೋದ್ಯೋಗಿಗಳಿದ್ದಾರೆ. ಆದರೆ 2021ರಲ್ಲಿ ನಾರ್ವೆಯ ಬೀಚ್ ಹ್ಯಾಂಡ್‌ಬಾಲ್ ಆಟಗಾರ್ತಿಯರು ಬಿಕಿನಿ ಬಿಟ್ಟು ಶಾರ್ಟ್ಸ್ ತೊಟ್ಟರು. ತಂಡಕ್ಕೆ 1,500 ಯೂರೊ ದಂಡ ಬಿತ್ತು. ಅದೇ ವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಜಿಮ್ನಾಸ್ಟ್‌ಗಳು ಕಾಲು ಮುಚ್ಚುವ ಉಡುಪು ಹಾಕಿದರು, ತಾವೇ ಆರಿಸಿಕೊಂಡು. ನಾರ್ವೆಯವರಿಗೆ ಮುಚ್ಚಿದ್ದಕ್ಕೆ ದಂಡ, ಇವಳಿಗೆ ಮುಚ್ಚದ್ದಕ್ಕೆ ಇಂಥ ವಿಡಿಯೊ. ಹಾಗಿದ್ದರೆ ತಪ್ಪು ಬಟ್ಟೆಯದ್ದಲ್ಲ, ಅಲ್ವಾ? ಕ್ಯಾಮೆರಾ ಹಿಡಿದವರ ತಪ್ಪಿಗೆ ಹುಡುಗಿ ಓಟ ಬಿಡಬಾರದು. ಉದ್ದ ಪ್ಯಾಂಟ್ ಬೇಕೆಂದು ಅವಳಿಗೇ ಅನಿಸಿದರೆ ಅದು ಬೇರೆ ಮಾತು.

'ಸುಮ್ನೆ ಬಿಡಿ, ಮರೆತುಹೋಗುತ್ತೆ' ಎಂದೂ ನಾನು ಹೇಳುವುದಿಲ್ಲ. ಸುಮ್ಮನಿದ್ದರೆ ತಪ್ಪು ತನ್ನದೇ ಎಂದು ಮಗು ನಂಬಿಬಿಡುತ್ತದೆ. ಸಂಪಾದಕರಿಗೆ ಪತ್ರ ಬರೆಯಿರಿ, ಹುಡುಗಿಗೆ 18 ಆಗಿಲ್ಲ ಎಂದು ತಿಳಿಸಿ, ವಿಡಿಯೊ ತೆಗೆಯಲು ಹೇಳಿ, ಟೈಮಿಂಗ್ ಸಮೇತ ಸುದ್ದಿ ಹಾಕಲು ಕೇಳಿ ಎಂದೆ. ಪತ್ರವನ್ನು ಅವಳೇ ಬರೆದಳು, ಅಪ್ಪ ಸಹಿ ಹಾಕಿದರು.

ವಿಡಿಯೊ ತೆಗೆದರು. ಟೈಮಿಂಗ್ ಮಾತ್ರ ಇನ್ನೂ ಹಾಕಿಲ್ಲ. ಇನ್ನೊಂದು ಪತ್ರ ಬರೆಯಲು ಹೇಳಿದ್ದೇನೆ.