ಹೈಡ್ರೋಜನ್ ತುಂಬಿದ ಜನರೇಟರ್ ಯಾಕೆ ಸಿಡಿಯುವುದಿಲ್ಲ?

ವಿದ್ಯುತ್ ಸ್ಥಾವರದ ಜನರೇಟರ್ ಒಳಗೆ ಹೈಡ್ರೋಜನ್ ತುಂಬುತ್ತಾರಂತೆ, ಅದು ಸಿಡಿಯಲ್ವಾ, ಈ ಅನಿಲ ಬೇರೆ ಯಾವ ಕೆಲಸಕ್ಕೆ ಬರುತ್ತದೆ ಎಂದು ಕೇಳಿದ್ದೀರಿ. ನನಗೆ ತುಂಬಾ ಇಷ್ಟವಾದ ವಿಷಯ ಇದು.

ಹೈಡ್ರೋಜನ್ ಗಾಳಿಗಿಂತ ಸುಮಾರು 14 ಪಟ್ಟು ಹಗುರ. ದೊಡ್ಡ ಜನರೇಟರಿನ ರೋಟರ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿರುತ್ತದೆ. ಒಳಗೆ ಗಾಳಿ ಇದ್ದರೆ ಅದನ್ನು ಸೀಳಿಕೊಂಡು ತಿರುಗುವುದರಲ್ಲೇ ಶಕ್ತಿ ಪೋಲಾಗುತ್ತದೆ, ಬಿಸಿಯೂ ಏರುತ್ತದೆ. ಹೈಡ್ರೋಜನ್ ಇದ್ದರೆ ಆ ನಷ್ಟ ತೀರಾ ಕಡಿಮೆ. ಜೊತೆಗೆ ಅದರ ಶಾಖವಾಹಕತೆ ಗಾಳಿಯದ್ದಕ್ಕಿಂತ ಸುಮಾರು 7 ಪಟ್ಟು ಜಾಸ್ತಿ. ತಣ್ಣಗಿಡಲು ಇನ್ನೇನು ಬೇಕು?

ಇನ್ನು ಸಿಡಿಯುವ ಮಾತು. ಗಾಳಿಯಲ್ಲಿ ಹೈಡ್ರೋಜನ್ ಪಾಲು ಶೇ. 4ರಿಂದ 75ರ ಒಳಗಿದ್ದರೆ ಮಾತ್ರ ಅದು ಹತ್ತಿಕೊಳ್ಳುತ್ತದೆ. ಜನರೇಟರ್ ಒಳಗೆ ಶೇ. 95ಕ್ಕಿಂತ ಹೆಚ್ಚು ಶುದ್ಧತೆ ಕಾಯ್ದುಕೊಳ್ಳುತ್ತಾರೆ. ಉರಿಯಲು ಬೇಕಾದಷ್ಟು ಆಮ್ಲಜನಕವೇ ಅಲ್ಲಿರುವುದಿಲ್ಲ. ಒಳಗಿನ ಒತ್ತಡವೂ ಹೊರಗಿಗಿಂತ ಜಾಸ್ತಿ. ಹಾಗಾಗಿ ಸೋರಿದರೆ ಅನಿಲ ಹೊರಗೆ ಹೋಗುತ್ತದೆಯೇ ಹೊರತು ಗಾಳಿ ಒಳಗೆ ಬರುವುದಿಲ್ಲ. ತುಂಬುವಾಗ ಮೊದಲು ಕಾರ್ಬನ್ ಡೈಆಕ್ಸೈಡ್ ಬಿಟ್ಟು ಗಾಳಿಯನ್ನೆಲ್ಲ ಹೊರದಬ್ಬುತ್ತಾರೆ, ಆಮೇಲೆ ಹೈಡ್ರೋಜನ್. ಖಾಲಿ ಮಾಡುವಾಗಲೂ ನಡುವೆ ಕಾರ್ಬನ್ ಡೈಆಕ್ಸೈಡ್ ಇರಲೇಬೇಕು. ಗಾಳಿ, ಹೈಡ್ರೋಜನ್ ನೇರವಾಗಿ ಸೇರಲು ಬಿಡುವುದೇ ಇಲ್ಲ.

ನಿಜವಾದ ಅಪಾಯ ಇರುವುದು ಹೊರಗೆ ಸೋರಿದಾಗ. ಬಣ್ಣವಿಲ್ಲ, ವಾಸನೆಯಿಲ್ಲ. ಹತ್ತಿಕೊಂಡರೂ ಹಗಲಲ್ಲಿ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ. ಸೋರಿದ ಅನಿಲ ಸರ್ರನೆ ಮೇಲೇರುವುದರಿಂದ ಚಾವಣಿಯ ಕೆಳಗೆ ಅದು ನಿಲ್ಲದಂತೆ ದಾರಿ ಬಿಟ್ಟಿರಬೇಕು. ಇದರಲ್ಲಿ ಸಣ್ಣ ಉದಾಸೀನವೂ ಸಲ್ಲದು.

ಆದರೆ ಹೈಡ್ರೋಜನ್‌ನ ಬಹುಪಾಲು ಖರ್ಚಾಗುವುದು ಬೇರೆ ಎರಡು ಕಡೆ. ಒಂದು, ಕಚ್ಚಾ ತೈಲದ ಸಂಸ್ಕರಣಾಗಾರ. ಡೀಸೆಲ್‌ನಲ್ಲಿರುವ ಗಂಧಕದ ಜೊತೆ ಸೇರಿ ಅದನ್ನು ಹೊರಗೆಳೆಯುತ್ತದೆ. ಇನ್ನೊಂದು, ಅಮೋನಿಯಾ. ಗಾಳಿಯ ಸಾರಜನಕವನ್ನೂ ಹೈಡ್ರೋಜನ್ನನ್ನೂ ಭಾರೀ ಒತ್ತಡದಲ್ಲಿ, 400ರಿಂದ 500 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಕಬ್ಬಿಣದ ವೇಗವರ್ಧಕದ ಮೇಲೆ ಹಾಯಿಸುತ್ತಾರೆ. ಜರ್ಮನಿಯ ಒಪ್ಪಾವ್‌ನಲ್ಲಿ 1913ರಲ್ಲಿ ಇದು ದೊಡ್ಡ ಮಟ್ಟದಲ್ಲಿ ಶುರುವಾಯಿತು. ಯೂರಿಯಾ ಗೊಬ್ಬರದ ಮೂಲ ಇದೇ. ನನ್ನನ್ನು ಕೇಳಿದರೆ ಹೈಡ್ರೋಜನ್ ಮಾಡುವ ಅತಿ ದೊಡ್ಡ ಉಪಕಾರ ಇದು, ಕಾರು ಓಡಿಸುವುದಲ್ಲ.

ಒಂದು ವಿಷಯ ಮಾತ್ರ ನನ್ನನ್ನು ಕಾಡುತ್ತದೆ. ಇವತ್ತಿಗೂ ಹೈಡ್ರೋಜನ್ ಹೆಚ್ಚಾಗಿ ಬರುವುದು ನೈಸರ್ಗಿಕ ಅನಿಲದಿಂದ. ಆ ವಿಧಾನದಲ್ಲಿ 1 ಕಿಲೋ ಹೈಡ್ರೋಜನ್‌ಗೆ ಸುಮಾರು 9ರಿಂದ 10 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ನೀರನ್ನು ವಿದ್ಯುತ್‌ನಿಂದ ಒಡೆದೂ ಪಡೆಯಬಹುದು, ಆದರೆ ಕಿಲೋಗೆ 50 ಯೂನಿಟ್ ಹತ್ತಿರ ಬೇಕು. ಆ ವಿದ್ಯುತ್ ಕಲ್ಲಿದ್ದಲಿನಿಂದ ಬಂದಿದ್ದರೆ ಮಾಲಿನ್ಯ ಇನ್ನೂ ಜಾಸ್ತಿಯೇ ಆಗುತ್ತದೆ.