‘ಹೂಂ’ ಅನ್ನುವ ಹುಡುಗನಿಗೆ ಕೇಳಿಸುತ್ತಿದೆಯಾ?

ಪ್ರಶ್ನೆ: ನನ್ನ ಮಗನಿಗೆ 16 ವರ್ಷ. ಗಂಗಾವತಿ ಕಡೆ ಒಂದು ರೈಸ್ ಮಿಲ್‌ಗೆ ಕೆಲಸಕ್ಕೆ ಹೋಗುತ್ತಿದ್ದ. ಕಳ್ಳತನದ ಕೇಸಿನಲ್ಲಿ ಸಿಕ್ಕಿಕೊಂಡು ಎರಡು ವಾರದಿಂದ ವೀಕ್ಷಣಾಲಯದಲ್ಲಿದ್ದಾನೆ (ಕೇಸಿನಲ್ಲಿ ಸಿಕ್ಕ ಮಕ್ಕಳನ್ನು ವಿಚಾರಣೆ ಮುಗಿಯುವವರೆಗೆ ಇಡುವ ಜಾಗ). ನೋಡಲು ಹೋದರೆ ಅಲ್ಲಿಯವರು, ‘ಭಾಳ ಮೊಂಡ, ಕರೆದರೆ ತಿರುಗಿಯೂ ನೋಡಲ್ಲ’ ಎನ್ನುತ್ತಾರೆ. ಚಿಕ್ಕಂದಿನಿಂದಲೂ ಮಳೆಗಾಲ ಬಂತೆಂದರೆ ಅವನ ಎಡಗಿವಿ ಸೋರುತ್ತದೆ. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಡುತ್ತಿದ್ದೆ. ಆ ಎಣ್ಣೆ ಒಳಗೆ ಕೊಡಲು ಬಿಡುತ್ತಾರಾ?
– ಒಬ್ಬ ತಾಯಿ, ಕೊಪ್ಪಳ ಜಿಲ್ಲೆ

ಉತ್ತರ: ಅಕ್ಕಾ, ನೀವು ಬರೆದಿದ್ದ ಹೆಸರು, ಊರು ತೆಗೆದಿದ್ದೇವೆ. ಇಂಥ ಮಕ್ಕಳ ಗುರುತು ಪತ್ರಿಕೆಯಲ್ಲಿ ಬರಬಾರದು ಎಂದು 2015ರ ಬಾಲ ನ್ಯಾಯ ಕಾಯ್ದೆಯಲ್ಲೇ ಇದೆ.

ಎಣ್ಣೆ ಬೇಡ. ನಮ್ಮ ಕಡೆ ಮನೆಮನೆಯಲ್ಲೂ ಮಾಡುತ್ತಾರೆ, ನಮ್ಮಜ್ಜಿಯೂ ಬಿಡುತ್ತಿದ್ದಳು. ಆದರೆ ವರ್ಷಗಟ್ಟಲೆ ಸೋರುವ ಕಿವಿಯ ಪರದೆಯಲ್ಲಿ ಸಾಮಾನ್ಯವಾಗಿ ತೂತು ಇರುತ್ತದೆ, ಬಿಟ್ಟಿದ್ದೆಲ್ಲ ನೇರ ಒಳಕ್ಕೆ ಇಳಿಯುತ್ತದೆ. ಸ್ನಾನ ಮಾಡುವಾಗ ಹತ್ತಿಗೆ ವ್ಯಾಸಲೀನ್ ಸವರಿ ಇಟ್ಟುಕೊಳ್ಳಲಿ. ಕಡ್ಡಿ, ಪಿನ್ನು ಹಾಕದಿರಲಿ.

ಇನ್ನು ಮೊಂಡುತನದ ಮಾತು. ಒಂದು ಕಿವಿ ಮಂದವಾದರೆ ಎದುರು ಕೂತು ಮಾತಾಡಿದ್ದು ಚೆನ್ನಾಗೇ ಕೇಳುತ್ತದೆ, ಹಿಂದಿನಿಂದ ಕರೆದರೆ, ಅದೂ ಫ್ಯಾನು ತಿರುಗುತ್ತಾ, ತಟ್ಟೆ ಸದ್ದಾಗುತ್ತಾ, ಇಪ್ಪತ್ತು ಹುಡುಗರು ಗಲಾಟೆ ಮಾಡುವ ಕೋಣೆಯಲ್ಲಿ, ಕೂಗು ಯಾವ ಕಡೆಯಿಂದ ಬಂತು ಅಂತಲೇ ತಿಳಿಯುವುದಿಲ್ಲ. ಮಿಲ್ಲಿನ ಸದ್ದಿಗೆ ಇನ್ನೊಂದು ಕಿವಿಯೂ ಪೆಟ್ಟು ತಿಂದಿರಬಹುದು. ಮುಂದಿನ ಸಲ ಹೋದಾಗ ಅವನ ಬೆನ್ನ ಹಿಂದೆ ಕೈ ಚಾಚಿದಷ್ಟು ದೂರ ನಿಲ್ಲಿ. ಬಲಗಿವಿ ಮುಚ್ಚಿಕೊಳ್ಳಲು ಹೇಳಿ, ಪಿಸುದನಿಯಲ್ಲಿ ಮೂರು ಅಂಕಿ ಹೇಳಿ. ತಿರುಗಿ ಹೇಳುತ್ತಾನಾ ನೋಡಿ. ಹಾಗೇ ಇನ್ನೊಂದು ಕಿವಿಗೂ. ಯಾರಾದರೂ ಕಪಾಳಕ್ಕೆ ಹೊಡೆದಿದ್ದಾರಾ ಎಂದೂ ಮೆತ್ತಗೆ ಕೇಳಿ, ಒಂದೇ ಏಟಿಗೆ ಪರದೆ ಹರಿಯಬಹುದು.

ನನಗೆ ನಿಜವಾಗಿ ಭಯ ಬೇರೆ. ಸರಿಯಾಗಿ ಕೇಳಿಸದ ಮಕ್ಕಳು ‘ಏನ್ರೀ?’ ಎಂದು ಮತ್ತೆ ಕೇಳಲು ನಾಚಿಕೊಂಡು ಎಲ್ಲದಕ್ಕೂ ‘ಹೂಂ’ ಎಂದು ತಲೆ ಆಡಿಸುತ್ತಾರೆ. ಮನೆಯಲ್ಲಾದರೆ ನಡೆಯುತ್ತದೆ. ಮಕ್ಕಳ ಕೇಸು ವಿಚಾರಿಸುವ ಬಾಲ ನ್ಯಾಯ ಮಂಡಳಿ ಮುಂದೆ ‘ನೀನೇ ತೆಗೆದೆಯಾ?’ ಎಂದಾಗ ಅದೇ ‘ಹೂಂ’ ಬಂದರೆ? ಹಾಗಾಗಿ ಅವನ ವಕೀಲರಿಗೆ ಈ ವಾರವೇ ಕಿವಿಯ ವಿಷಯ ಹೇಳಿ. ವಕೀಲರಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಮಕ್ಕಳಿಗೆ ದುಡ್ಡಿಲ್ಲದೆ ಕೊಡುತ್ತಾರೆ.

ವೀಕ್ಷಣಾಲಯದ ಅಧೀಕ್ಷಕರಿಗೂ ಒಂದು ಅರ್ಜಿ ಬರೆದುಕೊಡಿ. ಬಂದ 24 ಗಂಟೆಯೊಳಗೆ ವೈದ್ಯರು ಮಗುವನ್ನು ನೋಡಬೇಕು, ತಿಂಗಳಿಗೊಮ್ಮೆ ತಪಾಸಣೆ ಆಗಬೇಕು ಎಂದು ಬಾಲ ನ್ಯಾಯ ಕಾಯ್ದೆಯ 2016ರ ಮಾದರಿ ನಿಯಮಗಳಲ್ಲಿದೆ. ಸುಮ್ನೆ ‘ಕಿವಿ ನೋಡಿಸಿ’ ಎಂದು ಬರೆಯಬೇಡಿ, ‘ಆಡಿಯೊಮೆಟ್ರಿ ಮಾಡಿಸಿ’ ಎಂದೇ ಬರೆಯಿರಿ. ಅದು ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವ ಪರೀಕ್ಷೆ. ಹೆಡ್‌ಫೋನ್ ಹಾಕಿ ಸಣ್ಣ ಸಣ್ಣ ಸದ್ದು ಬಿಡುತ್ತಾರೆ, ಕೇಳಿಸಿದಾಗ ಕೈ ಎತ್ತಬೇಕು, ಅಷ್ಟೇ, ನೋವಿಲ್ಲ. ಕಿವಿಯ ಪರದೆಯ ತೂತು ಮುಚ್ಚಲು ಆಪರೇಷನ್ ಇದೆ, ಎಷ್ಟೋ ಜನರಿಗೆ ಕೇಳುವುದೂ ಸುಧಾರಿಸುತ್ತದೆ.

ಸೋರುವುದು ಕೆಟ್ಟ ವಾಸನೆ ಇದ್ದರೆ, ತಲೆ ಸುತ್ತಿದರೆ, ಬಾಯಿ ಒಂದು ಕಡೆ ಸೊಟ್ಟಗಾದರೆ, ಜ್ವರದ ಜೊತೆ ತಲೆನೋವು ಜಾಸ್ತಿಯಾದರೆ ಅವತ್ತೇ ಆಸ್ಪತ್ರೆಗೆ ಕಳಿಸಲು ಹೇಳಿ. ಹಳೆಯ ಆಸ್ಪತ್ರೆ ಚೀಟಿ ಮನೆಯಲ್ಲಿದ್ದರೆ ಅರ್ಜಿಗೆ ಜೆರಾಕ್ಸ್ ಲಗತ್ತಿಸಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ.