1950ರ ‘ಟ್ರೆಷರ್ ಐಲ್ಯಾಂಡ್’ ಸಿನಿಮಾ ನೋಡಿದವರು ಅದರಲ್ಲಿನ ಕಡಲ್ಗಳ್ಳ ಲಾಂಗ್ ಜಾನ್ ಸಿಲ್ವರ್ ಬಗ್ಗೆಯೇ ಯಾಕೆ ಜಗಳ ಆಡ್ತಾರೆ?

ಯಾಕಂದ್ರೆ ಆ ಪಾತ್ರ ಮಾಡಿದ ರಾಬರ್ಟ್ ನ್ಯೂಟನ್ ಅವರ ನಟನೆಯೇ ಆಮೇಲೆ ಬಂದ ಸಿನಿಮಾ ಕಡಲ್ಗಳ್ಳರಿಗೆಲ್ಲ ಅಚ್ಚಾಯಿತು. ಕಣ್ಣು ಹೊರಳಿಸುವುದು, ‘ಆರ್ರ್’ ಅಂತ ಎಳೆದು ಮಾತಾಡುವುದು, ಇದನ್ನೆಲ್ಲ ನಾವು ಕಾರ್ಟೂನು, ಜಾಹೀರಾತುಗಳಲ್ಲಿ ನಕಲಾಗಿ ಮೊದಲೇ ನೋಡಿರುತ್ತೇವೆ, ಅಸಲಿಯನ್ನು ಕೊನೆಗೆ ನೋಡುತ್ತೇವೆ. ಹಾಗಾಗಿ ಕೆಲವರಿಗೆ ಅದು ಬರೀ ಓವರ್ ಆಕ್ಟಿಂಗ್ ಅನಿಸುತ್ತದೆ. ನ್ಯೂಟನ್ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಹುಟ್ಟಿದವರು. ಆ ನೈಋತ್ಯ ಭಾಗದ ಜನ ‘ರ’ಕಾರವನ್ನು ಒತ್ತಿ ಹೇಳುತ್ತಾರೆ, ಅದನ್ನೇ ಇನ್ನಷ್ಟು ಜಾಸ್ತಿ ಮಾಡಿದರು ಅಷ್ಟೇ. ನನಗಂತೂ ಅವರಿಲ್ಲದ ದೃಶ್ಯಗಳು ಸ್ವಲ್ಪ ಸಪ್ಪೆ.

ಇನ್ನೊಂದು ತಕರಾರು ಕಥೆಯ ನಾಯಕ, ಹುಡುಗ ಜಿಮ್ ಬಗ್ಗೆ. ಆ ಪಾತ್ರ ಮಾಡಿದ ಬಾಬಿ ಡ್ರಿಸ್ಕಾಲ್ ಅಮೆರಿಕದ ಹುಡುಗ, ಸುತ್ತ ಬ್ರಿಟಿಷ್ ನಟರು, ಅವನ ಮಾತು ಬೇರೆಯೇ ಕೇಳುತ್ತದೆ.

ಮೂಲ ಕಾದಂಬರಿ ಓದಿದವರು ಕೊನೆಯ ಭಾಗಕ್ಕೂ ಗೊಣಗುತ್ತಾರೆ. ಅದನ್ನು ಬರೆದ ಸ್ಟೀವನ್‌ಸನ್ ಕಥೆಯಲ್ಲಿ ಸಿಲ್ವರ್ ತಪ್ಪಿಸಿಕೊಳ್ಳೋದು ದ್ವೀಪದಲ್ಲಿ ಒಂಟಿಯಾಗಿ ಉಳಿದಿದ್ದ ಬೆನ್ ಗನ್ ನೆರವಿನಿಂದ. ಸಿನಿಮಾದಲ್ಲಿ ಜಿಮ್ಮೇ ದೋಣಿ ತಳ್ಳಿ ಕಳಿಸುತ್ತಾನೆ. ಬದಲಾಯಿಸಿದ್ದು ಸರಿಯೇ ಅಂತ ನನ್ನ ಲೆಕ್ಕ. ಮೋಸಗಾರ ಅಂತ ಗೊತ್ತಿದ್ದೂ ಹುಡುಗನಿಗೆ ಅವನ ಮೇಲೆ ಪ್ರೀತಿ ಇದೆ ಅಲ್ವಾ, ಅದು ಮಾತಿಲ್ಲದೆ ಗೊತ್ತಾಗುತ್ತದೆ. ಅಂದ ಹಾಗೆ, ಕಾರ್ಟೂನ್ ಇಲ್ಲದೆ ಪೂರ್ತಿ ನಟರನ್ನೇ ಇಟ್ಟು ಡಿಸ್ನಿ ಮಾಡಿದ ಮೊದಲ ಕಥಾಚಿತ್ರ ಇದು, ಆದರೂ ಗುಂಡೇಟು, ಸಾವು ಎಲ್ಲ ಇದೆ. ಸಣ್ಣ ಮಕ್ಕಳಿಗೆ ತೋರಿಸುವ ಮುಂಚೆ ನೀವೊಮ್ಮೆ ನೋಡಿಬಿಡಿ.